ಕಟ್ಟೆಯೆದುರು ಕುರ್ಚಿ ಹಾಕಿ ಸೈಕಲ್ ಎಣಿಸಿದವರಿಗೆ

ರಸ್ತೆ ಅಗಲೀಕರಣ ವಿಭಾಗದ ಹಿರಿಯ ಇಂಜಿನಿಯರ್ ಸಾಹೇಬರಿಗೆ,

ಏಳು ದಿನ ನೋಡಿಯೂ ನಮ್ಮ ರಸ್ತೆಯಲ್ಲಿ ಒಂದೇ ಒಂದು ಸೈಕಲನ್ನು ಕಾಣದ ಮಾನ್ಯರೇ,

ಮೊನ್ನೆ ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಅಡ್ಡಾದಾಗ ನನಗೊಂದು ಕೆಟ್ಟ ಕನಸು ಬಿತ್ತು. ಸೈಕಲ್ ತುಳಿಯುತ್ತಿದ್ದೇನೆ. ಎಡಗಡೆ ಎದೆಮಟ್ಟದ ಗೋಡೆ, ಬಲಗಡೆಯೂ ಎದೆಮಟ್ಟದ ಗೋಡೆ. ಹಿಂದಿನಿಂದ ಲಾರಿ ಬರುತ್ತಿದೆ. ಇಳಿದುಬಿಡುವ ಎಂದು ಕಾಲು ಚಾಚಿದರೆ ಕಾಲಿಗೆ ನೆಲವೇ ಸಿಗುವುದಿಲ್ಲ. ಮುಂದೆ ಒಬ್ಬರು ಮೇಜು ಹಾಕಿ ಕುಳಿತಿದ್ದಾರೆ. ಅವರು ನನ್ನನ್ನು ನೋಡಿದರು, ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು, ಆಮೇಲೆ "ಇಲ್ಲಿ ಯಾರೂ ಇಲ್ಲ" ಎಂದು ಬರೆದುಕೊಂಡರು. ಬೆವತು ಎದ್ದು ಕುಳಿತೆ. ನನ್ನ ಹೆಂಡತಿ ನಸೀಬಾ ಅಡುಗೆಮನೆಯಿಂದಲೇ ಕೇಳಿದಳು, "ಎಚ್ಚರ ಇದ್ದಾಗ ಹೆದರಿದ್ದು ಸಾಲದಾ ನಿಮಗೆ? ಕಣ್ಣು ಮುಚ್ಚಿದ ಮೇಲೂ ಹೆದರಬೇಕಾ?"

ನಾನು ಹೆದರುವವನು ಹೌದು. ಅದು ಊರಿಗೆಲ್ಲ ಗೊತ್ತಿರುವಾಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಈ ಸಲ ನನ್ನ ಹೆದರಿಕೆಗೆ ಕಾಗದದ ಆಧಾರ ಉಂಟು. ತಮ್ಮ ವಿಭಾಗದವರು ಆಗಸ್ಟ್ ತಿಂಗಳಲ್ಲಿ ನಮ್ಮೂರಿನ ಸಭಾಭವನದ ಗೋಡೆಗೆ ಅಂಟಿಸಿದ ವರದಿಯಲ್ಲಿ, ಹೆದ್ದಾರಿ ಬದಿಯ ನಮ್ಮ ಅಶ್ವತ್ಥ ಕಟ್ಟೆಯ ಬಳಿ ಏಳು ದಿನ ಕುಳಿತು ಎಣಿಸಿದ ವಾಹನಗಳ ಪಟ್ಟಿ ಇದೆ. ಲಾರಿ ಇಷ್ಟು, ಬಸ್ಸು ಇಷ್ಟು, ಕಾರು ಜೀಪು ಇಷ್ಟು, ರಿಕ್ಷಾ ಇಷ್ಟು. ಎತ್ತಿನ ಗಾಡಿ ಎರಡು. ಸೈಕಲ್ ಸೊನ್ನೆ. ಈ ಸೊನ್ನೆಯ ಮೇಲೆ ತಾವು ಒಂದು ರಸ್ತೆಯನ್ನೇ ಕಟ್ಟಲು ಹೊರಟಿದ್ದೀರಿ. ಸೈಕಲ್ಲಿನವರು ಇಷ್ಟು ವರ್ಷ ಜೀವ ಉಳಿಸಿಕೊಂಡು ಸಾಗುತ್ತಿದ್ದ ಡಾಮರಿನ ಪಕ್ಕದ ಮಣ್ಣಿನ ಅಂಚನ್ನು ಕೆತ್ತಿ ಲಾರಿಗಳಿಗೆ ಕೊಡುತ್ತೀರಿ. ರಸ್ತೆಯ ನಡುವೆ ಒಂದೂವರೆ ಕಿಲೋಮೀಟರ್ ಉದ್ದಕ್ಕೆ ಎಲ್ಲಿಯೂ ಬಾಯಿ ಇಲ್ಲದ ಗೋಡೆ ಎಬ್ಬಿಸುತ್ತೀರಿ. ಇದೇ ನನ್ನ ದೂರು. ಉಳಿದದ್ದೆಲ್ಲ ಇದರ ವಿವರಣೆ.

ನಾನು ಯಾರೆಂದು ಹೇಳಬೇಕಲ್ಲ. ನನ್ನ ಹೆಸರು ಅಬ್ದುಲ್ ಶುಕೂರ್. ಫರಂಗಿಪೇಟೆಯಿಂದ ಸ್ವಲ್ಪ ಈಚೆಗೆ, ಹೆದ್ದಾರಿ ಬದಿಯಲ್ಲೇ ಮನೆ. ಕೆಲಸ ಕಾಜಾ ಬಟನ್. ತಾವು ತೊಟ್ಟ ಅಂಗಿಯನ್ನು ಟೈಲರ್ ಹೊಲಿದಿರುತ್ತಾನೆ, ಆದರೆ ಬಟನ್ ತೂರುವ ಆ ಸಣ್ಣ ತೂತುಗಳನ್ನು ಅವನು ಮಾಡುವುದಿಲ್ಲ, ನನ್ನಂಥವನಿಗೆ ಕಳುಹಿಸುತ್ತಾನೆ. ಫರಂಗಿಪೇಟೆ, ಬಿ.ಸಿ.ರೋಡ್, ಬಂಟ್ವಾಳ ಪೇಟೆ ಎಂದು ಹದಿನಾಲ್ಕು ಟೈಲರ್ ಅಂಗಡಿಗಳಿಂದ ಅಂಗಿಗಳ ಗಂಟು ಸೈಕಲ್ ಕ್ಯಾರಿಯರಿಗೆ ಕಟ್ಟಿ ತರುತ್ತೇನೆ, ಮನೆಯಲ್ಲಿ ಕಾಜಾ ಹಾಕಿ ಬಟನ್ ಹೊಲಿದು ಮರುದಿನ ಮುಟ್ಟಿಸುತ್ತೇನೆ. ಇಪ್ಪತ್ತೆರಡು ವರ್ಷವಾಯಿತು. ನನ್ನ ವಿದ್ಯೆ ಆರನೆಯ ತರಗತಿಗೆ ನಿಂತಿದೆ. ಏಳನೆಯದಕ್ಕೆ ದೂರದ ಶಾಲೆಗೆ ಹೋಗಬೇಕಿತ್ತು, ಬಸ್ಸು ನಿಲ್ಲುತ್ತಿರಲಿಲ್ಲ, ಮನೆಯಲ್ಲಿ ಸೈಕಲ್ ಇರಲಿಲ್ಲ. ಸೈಕಲ್ ಬಂದಾಗ ನನಗೆ ಹತ್ತೊಂಬತ್ತು ವಯಸ್ಸು. ಮೀಸೆ ಬಂದವನನ್ನು ಯಾವ ಮಾಸ್ಟ್ರು ಏಳನೆಯ ಬೆಂಚಿನಲ್ಲಿ ಕೂರಿಸುತ್ತಾರೆ? ಹಾಗಾಗಿ ಈ ಪತ್ರದಲ್ಲಿ ವ್ಯಾಕರಣ ತಪ್ಪಿದರೆ ಕ್ಷಮಿಸಿ. ಲೆಕ್ಕ ತಪ್ಪಿದರೆ ಕ್ಷಮಿಸಬೇಡಿ, ಯಾಕೆಂದರೆ ನಾನೂ ತಮ್ಮ ಲೆಕ್ಕವನ್ನು ಕ್ಷಮಿಸಲು ಬಂದವನಲ್ಲ.

ಪರಿಸರದ ವಿಷಯ ನನಗೇನು ಗೊತ್ತು ಎಂದು ತಾವು ಕೇಳಬಹುದು. ನನಗೆ ಬಿಳಿ ಅಂಗಿಯ ವಿಷಯ ಗೊತ್ತು. ಜೂನ್ ತಿಂಗಳೆಂದರೆ ಶಾಲೆಯ ಯೂನಿಫಾರಂ ಸೀಸನ್, ಕ್ಯಾರಿಯರಿನಲ್ಲಿ ಬರೀ ಬಿಳಿ. ಮೊದಲೆಲ್ಲ ಗಂಟಿನ ಮೇಲಿನ ಒಂದು ಅಂಗಿಗೆ ಮಾತ್ರ ಧೂಳು ಹಿಡಿಯುತ್ತಿತ್ತು, ಕೊಡವಿದರೆ ಹೋಗುತ್ತಿತ್ತು. ಆಮೇಲೆ ಹಳೆಯ ಲುಂಗಿಯೊಂದನ್ನು ಸುತ್ತಲು ಶುರು ಮಾಡಿದೆ. ಈಗ ಎರಡು ಲುಂಗಿ ಸುತ್ತುತ್ತೇನೆ, ಮೇಲಿನದ್ದನ್ನು ದಿನವೂ ಒಗೆಯಬೇಕು. ಒಗೆದ ನೀರು ಹಂಚಿನ ಮಸಿ ತೊಳೆದ ನೀರಿನಂತೆ ಇರುತ್ತದೆ. ಹೊಗೆ ಅಳೆಯುವ ಯಂತ್ರ ತಮ್ಮ ಕಚೇರಿಯಲ್ಲಿ ಇದೆಯೋ ಇಲ್ಲವೋ ನಾನರಿಯೆ, ನನ್ನ ಹತ್ತಿರ ಲುಂಗಿ ಉಂಟು. ಯಾವಾಗ ಬೇಕಾದರೂ ತಂದು ತೋರಿಸುತ್ತೇನೆ. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಸೈಕಲ್ ಆ ಲುಂಗಿಗೆ ಒಂದು ಚುಕ್ಕೆಯಷ್ಟೂ ಮಸಿ ಸೇರಿಸಿಲ್ಲ. ಚೈನಿನ ಎಣ್ಣೆ ತಾಗಿದ್ದು ಉಂಟು, ಅದು ನನ್ನ ಪ್ಯಾಂಟಿಗೆ.

ತಮಗೂ ಈ ವಿಷಯದಲ್ಲಿ ಕಾಳಜಿ ಇದೆ ಎಂಬುದನ್ನು ನಾನು ಬಲ್ಲೆ. ಈ ವರ್ಷ ಜೂನ್ ಐದರಂದು ತಾವು ನನ್ನ ಮಗಳ ಶಾಲೆಗೆ ಮುಖ್ಯ ಅತಿಥಿಯಾಗಿ ಬಂದಿದ್ದಿರಿ. ಒಂದು ಗಿಡ ನೆಟ್ಟು, "ಮಕ್ಕಳೇ, ಸೈಕಲ್ ತುಳಿಯಿರಿ, ಭೂಮಿಯನ್ನು ಉಳಿಸಿರಿ" ಎಂದು ಮೈಕಿನಲ್ಲಿ ಹೇಳಿದಿರಿ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನಾನು ಗೇಟಿನ ಹೊರಗೆ ನಿಂತು ಕೇಳಿದೆ. ಪೂರ್ತಿ ಕೇಳಿಸಲಿಲ್ಲ, ಯಾಕೆಂದರೆ ತಾವು ಭಾಷಣ ಮುಗಿಸಿ ಬರುವಷ್ಟರಲ್ಲಿ ಸೀಟು ಬಿಸಿಯಾಗಬಾರದೆಂದು ತಮ್ಮ ಡ್ರೈವರ್ ಮುಕ್ಕಾಲು ಗಂಟೆ ಎಂಜಿನ್ ಬಂದ್ ಮಾಡದೆ ಎ.ಸಿ. ಹಾಕಿ ಕೂತಿದ್ದ. ಇರಲಿ, ಅದು ದೊಡ್ಡ ವಿಷಯವಲ್ಲ. ನಾನು ಕೇಳುವುದು ಇಷ್ಟೇ: ಸೈಕಲ್ ತುಳಿಯಿರಿ ಎಂದು ಹೇಳಿದವರು ಎಲ್ಲಿ ತುಳಿಯುವುದು ಎಂಬುದನ್ನು ಯಾಕೆ ಹೇಳಲಿಲ್ಲ? ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿದೆ. ಒಳ್ಳೆಯದೇ. ಒಂದು ಇಲಾಖೆ ಚಪ್ಪಲಿ ಕೊಡುವುದು, ಇನ್ನೊಂದು ಇಲಾಖೆ ಕಾಲಿಡುವ ಜಾಗ ಕಿತ್ತುಕೊಳ್ಳುವುದು, ಇದಕ್ಕೆ ಅಭಿವೃದ್ಧಿ ಎನ್ನುತ್ತಾರೋ ಬೇರೆ ಏನಾದರೂ ಹೆಸರು ಉಂಟೋ?

ಆ ಸೈಕಲ್ ಪಡೆದವರಲ್ಲಿ ನನ್ನ ಮಗಳು ಫಾಯಿಝಾ ಒಬ್ಬಳು. ಈಗ ಒಂಬತ್ತನೆಯ ತರಗತಿ. ಶಾಲೆ ಮೂರೂವರೆ ಕಿಲೋಮೀಟರ್, ರಸ್ತೆಯ ಆಚೆ ಬದಿ. ಸೈಕಲ್ ಬಂದ ಮೊದಲ ತಿಂಗಳು ನಾನು ದಿನಾ ಬ್ರೇಕು ಮೂರು ಸಲ ಹಿಡಿದು ನೋಡಿ, ಟಯರ್ ಒತ್ತಿ ನೋಡಿ, ಅವಳ ಹಿಂದೆಯೇ ನನ್ನ ಸೈಕಲ್ಲಿನಲ್ಲಿ ಶಾಲೆಯವರೆಗೆ ಹೋಗುತ್ತಿದ್ದೆ. "ಬದಿಗೆ, ಬದಿಗೆ, ಇನ್ನೂ ಬದಿಗೆ!" ಎಂದು ಕೂಗುತ್ತಾ.

ಒಂದು ದಿವಸ ಅವಳು ಸೈಕಲ್ ನಿಲ್ಲಿಸಿ ಹೇಳಿದಳು, "ಉಪ್ಪ, ಇನ್ನು ಬದಿಗೆ ಹೋದರೆ ಗದ್ದೆಗೆ ಬೀಳ್ತೇನೆ. ನೀವು ಹಿಂದೆ ಬಂದರೆ ಲಾರಿಗಿಂತ ನಿಮ್ಮದೇ ಹೆದರಿಕೆ ನನಗೆ. ಎದುರು ಹೋಗಿ."

"ಎದುರು ಹೋದರೆ ನೀನು ಬಿದ್ದದ್ದು ನನಗೆ ಗೊತ್ತಾಗುವುದು ಹೇಗೆ?"

"ನಾನು ಬಿದ್ದರೆ ಇಡೀ ಫರಂಗಿಪೇಟೆಗೆ ಗೊತ್ತಾಗ್ತದೆ, ಸಾಕಲ್ವಾ?"

ಅವಳು ಆಗ ಬೀಳಲಿಲ್ಲ. ಬಿದ್ದದ್ದು ಕಳೆದ ತಿಂಗಳು. ತಮ್ಮವರು ಮಾದರಿಗೆಂದು ಇನ್ನೂರು ಮೀಟರ್ ಮಣ್ಣಿನ ಅಂಚನ್ನು ಕೆತ್ತಿ ಡಾಮರಿನ ಪಕ್ಕದಲ್ಲೇ ಚರಂಡಿ ತೆಗೆದಿದ್ದರಲ್ಲ, ಅಲ್ಲಿ. ಹಿಂದಿನಿಂದ ಬಂದ ಬಸ್ಸು ಹಾರ್ನ್ ಹೊಡೆದಾಗ ಅವಳು ಅಭ್ಯಾಸದಂತೆ ಬದಿಗೆ ಸರಿದಳು. ಬದಿ ಇರಲಿಲ್ಲ. ಸೈಕಲ್ಲು, ಪುಸ್ತಕ, ಬುತ್ತಿ ಸಮೇತ ಸೊಂಟದವರೆಗಿನ ಮಳೆನೀರಿಗೆ. ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಹೇ ಹುಡುಗೀ, ಇದು ರೋಡು! ನಿನ್ನ ಅಜ್ಜನ ಗದ್ದೆಯ ಹುಣಿಯಾ?" ಎಂದು ಹೇಳಿ ಹೋದನಂತೆ. ಹುಣಿ ಎಂದರೆ ಗದ್ದೆಯ ಬದು. ಮೊಣಕೈ ಸುಲಿದಿತ್ತು, ಅದು ಮಾಗಿದೆ. ಸೈಕಲ್ಲಿನ ಎದುರಿನ ಫೋರ್ಕ್ ಬಗ್ಗಿತ್ತು, ಅದನ್ನು ಸರಿ ಮಾಡಿಸಿದ್ದೇನೆ. ಆದರೆ ಸೈಕಲ್ ಹನ್ನೊಂದು ದಿನಗಳಿಂದ ಜಗಲಿಯಲ್ಲೇ ನಿಂತಿದೆ, ಮಗಳೂ ಮನೆಯಲ್ಲೇ ಇದ್ದಾಳೆ. ಎಕ್ಸ್‌ಪ್ರೆಸ್ ಬಸ್ಸು ನಮ್ಮಲ್ಲಿ ನಿಲ್ಲುವುದಿಲ್ಲ, ಲೋಕಲ್ ಬಸ್ಸು ನಿಂತರೂ ಹತ್ತಲು ಜಾಗವಿಲ್ಲ. ನಸೀಬಾ ಹೇಳುತ್ತಾಳೆ, "ಗೋಡೆ ಎದ್ದ ಮೇಲೆ ಅವಳು ಆಚೆ ದಾಟಬೇಕಾದರೆ ಎರಡು ಕಿಲೋಮೀಟರ್ ಲಾರಿಗಳ ನಡುವೆ ಸುತ್ತಿ ಬರಬೇಕು. ನಾನು ಕಳಿಸುವುದಿಲ್ಲ. ಕಲಿತದ್ದು ಸಾಕು." ಎಲ್ಲದಕ್ಕೂ ಮೊದಲು ಹೆದರುವವನು ನಾನು, ಈಗ ಧೈರ್ಯ ಹೇಳಬೇಕಾದವನೂ ನಾನು. ಒಂದು ಮನೆಯಲ್ಲಿ ಒಬ್ಬನ ಓದು ಸೈಕಲ್ ಇಲ್ಲದೆ ನಿಂತಿತು. ಇನ್ನೊಬ್ಬಳದ್ದು ಸೈಕಲ್ ಇದ್ದೂ ನಿಲ್ಲಬೇಕೇ?

ಆ ವರದಿಯನ್ನು ನೋಡಲು ಹೋಗಿದ್ದೇ ಅವಳು ಬಿದ್ದ ಮೇಲೆ. ಬೆರಳಿಟ್ಟು ಒಂದೊಂದೇ ಸಾಲು ಓದಿದೆ. ಅಲ್ಲಿ ಕುಳಿತಿದ್ದ ತಮ್ಮ ಸಿಬ್ಬಂದಿಯೊಬ್ಬರನ್ನು ಕೇಳಿದೆ, ಸೈಕಲ್ಲಿಗೆ ಬೇರೆ ಜಾಗ ಯಾಕೆ ಬಿಡಲಿಲ್ಲ ಎಂದು. "ಸೈಕಲ್ ಇದ್ದರಲ್ವಾ ಜಾಗ ಬಿಡುವುದು? ಡಾಟಾ ಜೀರೋ ಉಂಟು ನೋಡಿ" ಎಂದರು. "ಸ್ವಾಮೀ, ನಾನೇ ಈಗ ಸೈಕಲ್ಲಿನಲ್ಲಿ ಬಂದದ್ದು, ಕಿಟಿಕಿಯಿಂದ ನೋಡಿದರೆ ಕಾಣ್ತದೆ" ಎಂದೆ. ಅವರು ಕಿಟಿಕಿಯಿಂದ ನೋಡಿದರು. ಪಟ್ಟಿಯನ್ನೂ ನೋಡಿದರು. ಪಟ್ಟಿಯನ್ನೇ ನಂಬಿದರು.

ಎತ್ತಿನ ಗಾಡಿಯ ಕತೆ ಗೊತ್ತೇ ತಮಗೆ? ನಮ್ಮ ಊರಿನಲ್ಲಿ ಎತ್ತಿನ ಗಾಡಿ ಕಾಣದೆ ಹದಿನೈದು ವರ್ಷವಾದೀತು. ವಿಚಾರಿಸಿದಾಗ ತಿಳಿಯಿತು, ಆ ವಾರ ಒಂದು ಹೊಸ ಬೈಕ್ ಶೋರೂಮಿನವರು ಉದ್ಘಾಟನೆಯ ಪ್ರಚಾರಕ್ಕೆ ಎಲ್ಲಿಂದಲೋ ಒಂದು ಗಾಡಿ ತರಿಸಿ, ಬಾಳೆಗಿಡ ಕಟ್ಟಿ, ಮೈಕ್ ಇಟ್ಟು ಕಳುಹಿಸಿದ್ದರು. ಹೋಗುವಾಗ ಒಂದು, ಬರುವಾಗ ಒಂದು, ಒಟ್ಟು ಎರಡು. ಬೈಕ್ ಮಾರಲು ಬಂದ ಎತ್ತುಗಳಿಗೆ ತಮ್ಮ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಆ ಎತ್ತುಗಳ ಅದೃಷ್ಟ ನಮಗಿಲ್ಲ.

ಹಾಗಾದರೆ ಸೈಕಲ್ಲುಗಳು ಎಲ್ಲಿ ಹೋದವು? ಇದನ್ನು ತಿಳಿಯಲು ನಾನು ಆ ಏಳು ದಿನ ಎಣಿಸಿದವರನ್ನೇ ಹುಡುಕಿಕೊಂಡು ಹೋದೆ. ಅವರು ರುಕ್ಮಯ್ಯಣ್ಣ, ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿ ನಿವೃತ್ತರಾದವರು. ಜನವರಿಯಲ್ಲಿ ದಿನಗೂಲಿಗೆ ಈ ಕೆಲಸಕ್ಕೆ ಕುಳಿತಿದ್ದರು.

"ರುಕ್ಮಯ್ಯಣ್ಣ, ಏಳು ದಿವಸದಲ್ಲಿ ಒಂದು ಸೈಕಲ್ಲೂ ನಿಮ್ಮ ಕಣ್ಣಿಗೆ ಬೀಳಲಿಲ್ವಾ?"

"ಬೀಳದೆ ಏನು ಮಾರಾಯ? ನೂರಾರು ಬಿದ್ದಿದೆ. ಆದರೆ ಎಲ್ಲರೂ ದೂಡಿಕೊಂಡು ಹೋದದ್ದು. ಮೇಲೆ ಕೂತಿದ್ದರೆ ವಾಹನ, ಕೆಳಗೆ ನಡೆದರೆ ಪಾದಚಾರಿ ಅಂತ ನನಗೆ ಬರೆದು ಕೊಟ್ಟದ್ದು. ದೂಡುವವನನ್ನು ನಾನು ಸವಾರ ಅಂತ ಹೇಗೆ ಬರೆಯಲಿ?"

"ಅವರು ಯಾಕೆ ದೂಡಿದ್ದು ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತಿಲ್ಲದೆ! ನಾನೂ ಅಲ್ಲಿ ಇಳಿಯುವವನೇ. ಆದರೆ ಅದು ಫಾರಂನಲ್ಲಿ ಇಲ್ಲ. ಮೂವತ್ತು ವರ್ಷ ಟೈಮ್ ಬರೆದವ ನಾನು, ಎಂಟು ಹತ್ತಕ್ಕೆ ಬಂದ ಬಸ್ಸಿಗೆ ಎಂಟೂ ಎಂಟು ಅಂತ ಒಂದು ದಿವಸ ಬರೆಯಲಿಲ್ಲ."

ತಾವು ಹೊರಗಿನವರು, ಜೀಪಿನಲ್ಲಿ ಓಡಾಡುವವರು, ಹಾಗಾಗಿ ನಾನು ಬಿಡಿಸಿ ಹೇಳಬೇಕು. ಆ ಅಶ್ವತ್ಥ ಮರದ ಕಟ್ಟೆ ಇದೆಯಲ್ಲ, ಅದು ದೈವದ ಕಟ್ಟೆ. ದೈವದ ಭಂಡಾರ, ಅಂದರೆ ಅದರ ಆಭರಣ ಆಯುಧಗಳು, ಮೆರವಣಿಗೆ ಹೊರಟಾಗ ಅಲ್ಲಿ ಇಳಿಸಿ ವಿಶ್ರಾಂತಿ ಮಾಡುತ್ತಾರೆ. ಅದರ ಎದುರು ಸೈಕಲ್ಲಿನ ಮೇಲೆ ಕೂತುಕೊಂಡು ಯಾರೂ ಹೋಗುವುದಿಲ್ಲ. ಇಳಿದು ಒಂದು ನಲವತ್ತು ಹೆಜ್ಜೆ ದೂಡಿಕೊಂಡು ಹೋಗಿ ಮತ್ತೆ ಹತ್ತುತ್ತಾರೆ. ಹಿಂದೂಗಳು ಮಾತ್ರವಲ್ಲ, ನಾವೂ. ನನ್ನ ತಂದೆ ಇಳಿಯುತ್ತಿದ್ದರು, ನಾನೂ ಇಳಿಯುತ್ತೇನೆ. ನಂಬುವುದು ಬಿಡುವುದು ಬೇರೆ, ಇದು ಊರಿನ ಮರ್ಯಾದೆ. ನಮ್ಮ ಮಸೀದಿಯ ಎದುರು ಅವರೂ ಬೆಲ್ ಹೊಡೆಯುವುದಿಲ್ಲ. ಕಾರಿನವರು ಬೈಕಿನವರು ಈ ಕಾಲದಲ್ಲಿ ಇಳಿಯುವುದಿಲ್ಲ, ಒಂದು ಹಾರ್ನ್ ಹೊಡೆದು ಎದೆ ಮುಟ್ಟಿಕೊಂಡು ಹೋಗುತ್ತಾರೆ. ಮರ್ಯಾದೆ ಪೂರ್ತಿ ಉಳಿಸಿಕೊಂಡವರು ಸೈಕಲ್ಲಿನವರು ಮಾತ್ರ. ತಮ್ಮ ವಿಭಾಗದವರು ಇಡೀ ಹೆದ್ದಾರಿಯಲ್ಲಿ ನೆರಳು ಹುಡುಕಿ ಕುರ್ಚಿ ಹಾಕಿದ್ದು ಸರಿಯಾಗಿ ಆ ನಲವತ್ತು ಹೆಜ್ಜೆಗಳ ನಡುವೆ! ನೂರು ಮಾರು ಈಚೆ ಹಾಕಿದ್ದರೆ ಸೈಕಲ್, ನೂರು ಮಾರು ಆಚೆ ಹಾಕಿದ್ದರೆ ಸೈಕಲ್. ಅಲ್ಲಿ ಮಾತ್ರ ಸೊನ್ನೆ. ಏಳು ದಿನಕ್ಕೆ ಪಾದಚಾರಿಗಳು ಒಂಬತ್ತು ಸಾವಿರ ಎಂದು ಬರೆದಿದ್ದೀರಿ. ಇಷ್ಟು ಜನ ಒಂದು ವಾರದಲ್ಲಿ ಹೆದ್ದಾರಿಯಲ್ಲಿ ಎಲ್ಲಿಗೆ ನಡೆಯುತ್ತಾರೆ ಎಂದು ತಮ್ಮ ಕಚೇರಿಯಲ್ಲಿ ಒಬ್ಬರಿಗೂ ಸಂಶಯ ಬರಲಿಲ್ಲವೇ? ಪಾದಯಾತ್ರೆ ಎಂದುಕೊಂಡಿರೋ?

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಗೆದ್ದಂತೆ. ಆದರೆ ರುಕ್ಮಯ್ಯಣ್ಣ ನಿಲ್ಲಿಸಲಿಲ್ಲ. "ಎರಡನೇ ದಿವಸ ನನಗೇ ಮನಸ್ಸಿಗೆ ಸರಿ ಕಾಣಲಿಲ್ಲ. ಷರಾ ಕಾಲಂನಲ್ಲಿ ಬರೆಯುವ ಅಂತ ನಿಮ್ಮನ್ನೆಲ್ಲ ನಿಲ್ಲಿಸಿ ಕೇಳಿದೆ. ಒಬ್ಬ ಸರಿಯಾಗಿ ಬಾಯಿ ಬಿಟ್ಟನಾ? ಶುಕೂರೇ, ನೀನು ಏನು ಹೇಳಿದ್ದು, ನೆನಪು ಉಂಟಾ?" ಎಂದರು.

ನೆನಪು ಉಂಟು. ಮಂಗಳವಾರ ಬೆಳಿಗ್ಗೆ ಎಂಟೂ ಇಪ್ಪತ್ತು. "ಸೈಕಲ್ ನಿನ್ನದಾ? ದಿನಾ ಇದರಲ್ಲೇ ಹೋಗುವುದಾ?" ಎಂದು ಅವರು ಪೆನ್ನು ಹಿಡಿದು ಕೇಳಿದಾಗ ನಾನು, "ಅಯ್ಯೋ ಇಲ್ಲಪ್ಪ, ನನ್ನದಲ್ಲ, ಯಾರದ್ದೋ, ರಿಪೇರಿಗೆ ಕೊಂಡುಹೋಗುವುದು" ಎಂದೆ. ಹಿಂದಿನ ಕಾಲದಲ್ಲಿ ಸೈಕಲ್ಲಿಗೂ ತೆರಿಗೆ ಇತ್ತು, ತಗಡಿನ ಬಿಲ್ಲೆ ಕಟ್ಟಬೇಕಿತ್ತು. ಬಿಲ್ಲೆ ಇಲ್ಲವೆಂದು ನನ್ನ ಮಾವನ ಸೈಕಲನ್ನು ಎಂಟು ದಿನ ಕಚೇರಿಯ ಜಗಲಿಯಲ್ಲಿ ಹಿಡಿದಿಟ್ಟದ್ದನ್ನು ನಾನು ಸಣ್ಣವನಿದ್ದಾಗ ನೋಡಿದವನು. ಕಾಗದ ಹಿಡಿದವರು ಸೈಕಲ್ ಯಾರದ್ದೆಂದು ಕೇಳಿದರೆ ನಮ್ಮ ಬಾಯಿಗೆ ಮೊದಲು ಬರುವುದು "ನನ್ನದಲ್ಲ" ಎಂಬ ಮಾತು. ನನ್ನ ಹಿಂದೆ ಇದ್ದ ಮೀನಿನ ಇದಿನಬ್ಬ ಇನ್ನೂ ಮುಂದೆ ಹೋಗಿ, "ಬಿದ್ದು ಸಿಕ್ಕಿದ್ದು, ಪೊಲೀಸ್ ಸ್ಟೇಷನ್ನಿಗೆ ಕೊಡಲಿಕ್ಕೆ ಹೋಗುವುದು" ಎಂದನಂತೆ, ಕ್ಯಾರಿಯರಿನಲ್ಲಿ ಬುಟ್ಟಿ ತುಂಬಾ ಬಂಗುಡೆ ಇಟ್ಟುಕೊಂಡು! ತಮ್ಮ ಸೊನ್ನೆಯಲ್ಲಿ ನಮ್ಮ ಪಾಲೂ ಇದೆ, ಒಪ್ಪುತ್ತೇನೆ. ಆದರೆ ಸೈಕಲ್ಲಿನವನನ್ನು ಹಿಡಿಯುವುದಕ್ಕೆ ಮಾತ್ರ ಎಣಿಸುತ್ತಾರೆ ಎಂದು ಮೂರು ತಲೆಮಾರಿಗೆ ಕಲಿಸಿದ್ದು ಯಾರು? ಜಾಗ ಕೊಡುವುದಕ್ಕೂ ಎಣಿಸುತ್ತಾರೆ ಎಂದು ಒಬ್ಬರಾದರೂ ಮೊದಲೇ ಡಂಗುರ ಸಾರಿದ್ದರೇ?

ಆದುದರಿಂದ ನನ್ನ ಬೇಡಿಕೆ. ದಯೆ ಎಂದು ಕೇಳುತ್ತಿಲ್ಲ, ಲೆಕ್ಕ ಎಂದು ಕೇಳುತ್ತಿದ್ದೇನೆ. ಕುರ್ಚಿಯನ್ನು ಕಟ್ಟೆಯಿಂದ ನೂರು ಮಾರು ಈಚೆಗೆ, ಬಿಸಿಲಾದರೂ ಸರಿ, ಬೇಕಾದರೆ ನಾನೇ ಕೊಡೆ ತಂದು ಕೊಡುತ್ತೇನೆ, ಅಲ್ಲಿ ಹಾಕಿ ಮತ್ತೊಮ್ಮೆ ಎಣಿಸಿ. ಅದು ಮುಗಿಯುವವರೆಗೆ ಇನ್ನೊಂದು ಅಡಿ ಮಣ್ಣಿನ ಅಂಚನ್ನೂ ಕೆತ್ತಬೇಡಿ. ಕೆತ್ತಿದ ಇನ್ನೂರು ಮೀಟರ್ ಚರಂಡಿಗೆ ಕೂಡಲೇ ಕಲ್ಲು ಹಾಸಿ ಮುಚ್ಚಿ. ನಡುಗೋಡೆಗೆ ಶಾಲೆಯ ನೇರಕ್ಕೆ ಒಂದು ಬಾಯಿ ಬಿಡಿ, ಒಂದು ಸೈಕಲ್ ಹಿಡಿಸುವಷ್ಟು ಸಾಕು. ಆ ಇನ್ನೂರು ಮೀಟರ್ ಮುಚ್ಚಿದ ಮರುದಿನವೇ ನಾನು ಮಗಳನ್ನು ಶಾಲೆಗೆ ಕಳುಹಿಸುತ್ತೇನೆ ಎಂದು ನಸೀಬಾಳಿಗೆ ಮಾತು ಕೊಟ್ಟಾಗಿದೆ. ಅರ್ಧವಾರ್ಷಿಕ ಪರೀಕ್ಷೆಗೆ ಇನ್ನು ಹದಿನೆಂಟು ದಿನ ಉಂಟು. ಇದನ್ನು ನಾನು ಬೆದರಿಕೆಯಾಗಿ ಬರೆಯುತ್ತಿಲ್ಲ, ನನಗೆ ಬೆದರಿಸಲು ಬರುವುದಿಲ್ಲ, ಹೆದರಲು ಮಾತ್ರ ಬರುತ್ತದೆ. ಆದರೆ ಈ ಪತ್ರವನ್ನು ಹದಿನಾಲ್ಕು ಟೈಲರ್ ಅಂಗಡಿಗಳ ಬಾಗಿಲಿಗೂ ಅಂಟಿಸುತ್ತಿದ್ದೇನೆ. ಅಂಗಿ ಹೊಲಿಸುವವರು ಅಳತೆ ಕೊಟ್ಟು ನಿಂತಿರುವಾಗ ಓದಲಿ.

ಇಂತಿ,
ತಮ್ಮ ಪಟ್ಟಿಯ ಪ್ರಕಾರ ಇಪ್ಪತ್ತೆರಡು ವರ್ಷಗಳಿಂದ ನಡೆದೇ ಹೋಗುತ್ತಿರುವ,
ಅಬ್ದುಲ್ ಶುಕೂರ್
ಕಾಜಾ ಬಟನ್ ಕೆಲಸದವನು
ಸೆಪ್ಟೆಂಬರ್ 2008

ವಿ.ಸೂ.: ಲಕೋಟೆ ಮುಚ್ಚುವ ಮೊದಲು ಒಂದು ವಿಷಯ. ಆ ಮಂಗಳವಾರ ಫಾಯಿಝಾ ನನ್ನ ಜೊತೆಗಿದ್ದಳು. ನಾನು "ನನ್ನದಲ್ಲ" ಎಂದ ಮೇಲೆ ರುಕ್ಮಯ್ಯಣ್ಣ ಅವಳತ್ತ ತಿರುಗಿ ಕೇಳಿದರು. ಅವಳು, "ಇದು ನನ್ನದೇ. ದಿನಾ ಶಾಲೆಗೆ ಇದರಲ್ಲೇ ಹೋಗ್ತೇನೆ. ಬರೆದುಕೊಳ್ಳಿ" ಎಂದು ಗಟ್ಟಿಯಾಗಿ ಹೇಳಿದಳು. ನಾನು ಅವಳ ಕೈ ಹಿಡಿದು ಎಳೆದುಕೊಂಡು ಹೋದೆ, ಅವರು ಬರೆದರೋ ಇಲ್ಲವೋ ನೋಡಲಿಲ್ಲ. ಕೇಳಿದರೆ ಅವರಿಗೂ ಈಗ ಸರಿಯಾಗಿ ನೆನಪಿಲ್ಲವಂತೆ, ಹಾಳೆಗಳೆಲ್ಲ ತಮ್ಮ ಕಚೇರಿಯಲ್ಲಿವೆ. ಎರಡನೆಯ ದಿನದ ಬೆಳಗಿನ ಹಾಳೆ, ಎಂಟೂ ಇಪ್ಪತ್ತರ ಸಾಲು, ಕೊನೆಯ ಷರಾ ಕಾಲಂ. ಅಲ್ಲಿ ಒಂದು ಸೈಕಲ್ ಇರಬಹುದು. ದಯವಿಟ್ಟು ಅದನ್ನೊಮ್ಮೆ ತೆಗೆದು ನೋಡಿ.